ನುಗ್ಗದೆ ಗೆದ್ದವರು

ಫಿಲಡೆಲ್ಫಿಯಾ
16 ಫೆಬ್ರವರಿ 2025

ಪ್ರೀತಿಯ ಅಪ್ಪ,

ನಿಮಗೂ ಅಮ್ಮನಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಹೋದ ಸೋಮವಾರ ಬೆಳಿಗ್ಗೆ ಫೋನ್ ಮಾಡಿದಾಗ ನೀವು ತೋಟದಲ್ಲಿದ್ದಿರಿ, ನನ್ನ ದನಿ ಕೇಳಿ ಅಮ್ಮನಿಗೆ ಗಾಬರಿಯಾಯಿತು. ಇಲ್ಲಿ ಆಗ ಭಾನುವಾರ ರಾತ್ರಿ ಹತ್ತು ದಾಟಿತ್ತು. ನಮ್ಮ ಈಗಲ್ಸ್ ತಂಡ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್, ಗೆದ್ದು ಊರೆಲ್ಲ ಬೀದಿಗೆ ಬಂದಿತ್ತು. ಮೊನ್ನೆ ಶುಕ್ರವಾರ ಮೆರವಣಿಗೆಯೂ ಆಯಿತು. ಅದಿರಲಿ, ನಾನು ಬರೆಯಬೇಕು ಅಂದುಕೊಂಡಿದ್ದು ವಿಕ್ ಫ್ಯಾಂಜಿಯೊ ಅವರ ಬಗ್ಗೆ. 66 ವರ್ಷ, ಈ ತಂಡದ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ, ನೋಡಿಕೊಳ್ಳುವ ಕೋಚ್. ಅಷ್ಟು ವರ್ಷ ಶಾಲೆ ಮೈದಾನದಲ್ಲಿ ಕಬಡ್ಡಿ ಕಲಿಸಿದ ನಿಮಗೆ ಇವರು ಇಷ್ಟವಾಗುತ್ತಾರೆ.

ಆಟ ಹೀಗೆ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಹಿಡಿಯಲು ಎದುರು ತಂಡದಿಂದ ಸಾಮಾನ್ಯವಾಗಿ ನಾಲ್ಕು ಜನ ನುಗ್ಗುತ್ತಾರೆ, ಉಳಿದ ಏಳು ಜನ ಹಿಂದೆ ನಿಂತು ಎಸೆತಕ್ಕೆ ಕಾಯುತ್ತಾರೆ. ಐದೋ ಆರೋ ಜನ ಒಟ್ಟಿಗೆ ನುಗ್ಗಿದರೆ ಅದು ಬ್ಲಿಟ್ಜ್. ಅವನು ಸಿಕ್ಕಿದರೆ ಸರಿ, ತಪ್ಪಿಸಿಕೊಂಡರೆ ಹಿಂದೆ ಜಾಗ ಖಾಲಿ. ನೀವು ನನ್ನನ್ನು ಎಡ ಕಾರ್ನರ್‌ನಲ್ಲಿ ನಿಲ್ಲಿಸಿ, "ಎಗರಬೇಡ, ಅವನು ಬೋನಸ್‌ಗೆ ಕಾಲು ಹಾಕಲಿ, ಕಾಯಿ" ಅನ್ನುತ್ತಿದ್ದಿರಲ್ಲ, ಅದೇ ಮಾತು.

ಎದುರಿದ್ದದ್ದು ಕಾನ್ಸಾಸ್ ಸಿಟಿ. 2023, 2024 ಎರಡೂ ವರ್ಷ ಗೆದ್ದು ಮೂರನೆಯದಕ್ಕೆ ಬಂದಿದ್ದ ತಂಡ. ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ ನೀವು ಅವಸರದಲ್ಲಿ ನುಗ್ಗಿದರೆ ಹಬ್ಬ. 2023ರಲ್ಲಿ ಈಗಲ್ಸ್ ಇದೇ ತಂಡದ ಎದುರು 38-35ರಿಂದ ಸೋತಿತ್ತು. ಆ ಸೀಸನ್‌ನ ಲೀಗ್ ಪಂದ್ಯಗಳಲ್ಲಿ 70 ಸಲ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದ್ದ ತಂಡ, ಫೈನಲ್‌ನಲ್ಲಿ ಮಹೋಮ್ಸ್‌ನನ್ನು ಒಂದು ಸಲವೂ ಕೆಡವಲಿಲ್ಲ. ಫ್ಯಾಂಜಿಯೊ ಆಗ ಇಲ್ಲಿ ಕೋಚ್ ಆಗಿರಲಿಲ್ಲ, ಆ ಫೈನಲ್‌ಗೆ ಮುಂಚೆ ಸಲಹೆಗಾರರಾಗಿ ಮಾತ್ರ ಬಂದಿದ್ದರು. ಆದರೆ ಅವರ ಗಾಯ ಇನ್ನೂ ಹಳೆಯದು. ಡೆನ್ವರ್‌ನಲ್ಲಿ ಮೂರು ವರ್ಷ ಮುಖ್ಯ ಕೋಚ್ ಆಗಿದ್ದಾಗ ಕಾನ್ಸಾಸ್ ಸಿಟಿ ಎದುರು ಆರಕ್ಕೆ ಆರೂ ಸೋಲು, ಆಮೇಲೆ ಮಯಾಮಿಯಲ್ಲಿದ್ದಾಗ ಮತ್ತೆ ಎರಡು.

ಈ ಸಲವೂ ಶುರು ಚೆನ್ನಾಗಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಟ್ಯಾಂಪಾದಲ್ಲಿ 33-16ರಿಂದ ಸೋತು, ನಾಲ್ಕರಲ್ಲಿ ಎರಡೇ ಗೆಲುವು. ನಾನೂ ಬೇಜಾರಾಗಿದ್ದೆ. ಆಮೇಲೆ ಒಂದು ವಾರ ಬಿಡುವಿತ್ತು. ಬಿಡುವು ಮುಗಿದ ಮೇಲೆ ಕೂಪರ್ ಡಿಜೀನ್ ಎಂಬ ಹೊಸ ಹುಡುಗ ಹಿಂದಿನ ಸಾಲಿನ ಒಳಗಿನ ಜಾಗಕ್ಕೆ ಬಂದ. ಝ್ಯಾಕ್ ಬಾನ್ ಕಥೆ ನನಗೆ ಇನ್ನೂ ಇಷ್ಟ. ನ್ಯೂ ಆರ್ಲಿಯನ್ಸ್ ತಂಡದಲ್ಲಿ ನಾಲ್ಕು ವರ್ಷ ಇದ್ದು, ಜಾಸ್ತಿ ಆಡಿದ್ದು ಕಿಕ್ ಹೊಡೆಯುವಾಗ ಬರುವ ಪಡೆಯಲ್ಲಿ. ಅಂಚಿನಲ್ಲಿ ನಿಂತು ನುಗ್ಗುತ್ತಿದ್ದ ಅವನನ್ನು ಫ್ಯಾಂಜಿಯೊ ಮಧ್ಯಕ್ಕೆ ತಂದು ನಿಲ್ಲಿಸಿದರು. ಅದೇ ವರ್ಷ ಅವನು ಇಡೀ ಲೀಗ್‌ನ ಅತ್ಯುತ್ತಮರ ಪಟ್ಟಿಗೆ ಸೇರಿದ. ನೀವು ರೈಡ್‌ಗೆ ಹೋಗುತ್ತಿದ್ದ ಹುಡುಗನನ್ನು ಕವರ್‌ಗೆ ಹಾಕಿದಾಗ ಊರವರೆಲ್ಲ ಜಗಳಕ್ಕೆ ಬಂದಿದ್ದರು, ನೆನಪಿದೆಯಾ?

ಹಾಗಂತ ಫ್ಯಾಂಜಿಯೊ ಒಂದೇ ದಾರಿ ಹಿಡಿದು ಕೂತವರಲ್ಲ. 2018ರಲ್ಲಿ ಶಿಕಾಗೊದಲ್ಲಿದ್ದಾಗ, ಅಂಕಗಳ ಮಳೆ ಸುರಿಸುತ್ತಿದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು ಮುಂದಿನ ಸಾಲಿಗೆ ಹೆಚ್ಚು ಜನರನ್ನು ತಂದು ಆರೇ ಅಂಕಕ್ಕೆ ಕಟ್ಟಿಹಾಕಿದರು. ಎರಡು ತಿಂಗಳಾದ ಮೇಲೆ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡದ ಕೋಚ್ ಬಿಲ್ ಬೆಲಿಚಿಕ್ ಅದೇ ಬಗೆಯ ಜೋಡಣೆಯಿಂದ ಅದೇ ರ‍್ಯಾಮ್ಸ್‌ಗೆ ಮೂರೇ ಅಂಕ ಕೊಟ್ಟರು. ಎದುರಾಳಿ ಯಾರು, ಅವನಿಗೆ ಏನು ಬೇಕು, ಅದನ್ನು ಕೊಡದೇ ಇರುವುದು ಹೇಗೆ ಅನ್ನೋದನ್ನೇ ಇವರು ಮೊದಲು ನೋಡುವುದು.

ಫೈನಲ್‌ಗೆ ಬರುತ್ತೇನೆ. ಅಪ್ಪ, ಇಡೀ ಆಟದಲ್ಲಿ ಒಂದೇ ಒಂದು ಬ್ಲಿಟ್ಜ್ ಇಲ್ಲ! ನಾಲ್ಕೇ ಜನ ನುಗ್ಗಿ ಮಹೋಮ್ಸ್‌ನನ್ನು ಆರು ಸಲ ಕೆಡವಿದರು, ಏಳು ಜನ ಹಿಂದೆ ಕದಲದೆ ನಿಂತರು, ಎಸೆಯೋಣವೆಂದರೆ ಅವನಿಗೆ ಖಾಲಿ ನಿಂತವರೇ ಕಾಣಲಿಲ್ಲ. ಆ ನಾಲ್ವರು ಗಟ್ಟಿಗರಲ್ಲದಿದ್ದರೆ ಇದು ಆಗುತ್ತಿರಲಿಲ್ಲ, ನಿಜ. ಅವರಲ್ಲಿ ಜಾಶ್ ಸ್ವೆಟ್ ಅಂತೂ ಅವತ್ತು ಯಾರ ಕೈಗೂ ಸಿಗಲಿಲ್ಲ. ಆದರೆ ಅವರನ್ನು ನಂಬಿ, ಕೊನೆಯವರೆಗೂ ಐದನೆಯವನನ್ನು ಕಳಿಸದೇ ಇರಲು ಕೋಚ್‌ಗೆ ಎಷ್ಟು ಧೈರ್ಯ ಬೇಕು! ಡಿಜೀನ್ ಎಸೆತವೊಂದನ್ನು ಕಸಿದು 38 ಗಜ ಓಡಿ ಅಂಕ ತಂದ. ಅವತ್ತು ಅವನ 22ನೇ ಹುಟ್ಟುಹಬ್ಬ. ಆಮೇಲೆ ಬಾನ್ ಇನ್ನೊಂದು ಎಸೆತ ಹಿಡಿದ, ಅದೂ ತನ್ನ ಹಳೆಯ ತಂಡದ ಮೈದಾನದಲ್ಲೇ. ಅರ್ಧ ಆಟ ಮುಗಿದಾಗ 24-0. ಅಷ್ಟು ಹೊತ್ತಿನಲ್ಲಿ ಕಾನ್ಸಾಸ್ ಸಿಟಿ ಮುಂದೆ ಹೋಗಿದ್ದು ಒಟ್ಟು 23 ಗಜ. ಕೊನೆಗೆ 40-22.

ಅಷ್ಟು ಸೋಲು ಕಂಡವರು ಫ್ಯಾಂಜಿಯೊ. ಹುಟ್ಟಿ ಬೆಳೆದದ್ದು ಇದೇ ಪೆನ್ಸಿಲ್ವೇನಿಯಾದಲ್ಲಿ. ನನಗೆ ಕಣ್ಣು ತುಂಬಿ ಬಂತು. ಅದಕ್ಕೇ ಆ ಹೊತ್ತಿನಲ್ಲಿ ನಿಮಗೆ ಫೋನ್ ಮಾಡಿದ್ದು.

ಮೇ ತಿಂಗಳಲ್ಲಿ ಬರುತ್ತೇನೆ. ಆಟದ ಮೊದಲ ಅರ್ಧವನ್ನು ಲ್ಯಾಪ್‌ಟಾಪ್‌ನಲ್ಲಿ ತರುತ್ತೇನೆ, ನಿಲ್ಲಿಸಿ ನಿಲ್ಲಿಸಿ ನೋಡೋಣ. ಹಿಂದಿನ ಏಳು ಜನರ ಕಾಲು ನೋಡಿ, ಚೆಂಡು ನೋಡಬೇಡಿ. ಮಂಡಿ ನೋವಿಗೆ ಮಾತ್ರೆ ಬಿಡಬೇಡಿ. ಅಮ್ಮನಿಗೆ ಕೊಬ್ಬರಿ ಮಿಠಾಯಿ ಈಗಲೇ ನೆನಪು ಮಾಡಿ.

ನಿಮ್ಮ ಮಗ