ಕಟ್ಟೆ ಹಿಂದಿನ ಕಲ್ಲು ಬಿಚ್ಚುವ ಕೆಲಸ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಅಡುಗೆಮನೆ ಕಟ್ಟೆಯ ಹಿಂದೆ ಗೋಡೆಗೆ ಕೂರಿಸಿದ ಹಳೇ ಕಲ್ಲು ಬಿಚ್ಚುವ ಕೆಲಸವನ್ನು ಮುಂದಿನ ತಿಂಗಳ 1ನೇ ತಾರೀಖಿನಿಂದ ನಾವು ಅಡಿ ಲೆಕ್ಕದಲ್ಲಿ ಮಾಡುವುದಿಲ್ಲ. ಮನೆಗೆ ಬಂದು ನೋಡಿ, ಎಷ್ಟು ಆಳು, ಎಷ್ಟು ದಿನ ಎಂದು ಚೀಟಿಯಲ್ಲಿ ಬರೆದುಕೊಟ್ಟು, ನೀವು ಒಪ್ಪಿದ ಮೇಲೆ ಕೈ ಹಚ್ಚುತ್ತೇವೆ. ಟೈಲ್ಸ್ ನಮ್ಮಿಂದಲೇ ಹಾಕಿಸಿದರೆ ಬಿಚ್ಚುವುದು ಪುಕ್ಕಟೆ ಎನ್ನುತ್ತಿದ್ದೆವಲ್ಲ, ಅದೂ ಇನ್ನು ಇಲ್ಲ. ಹೋದ ತಿಂಗಳು ಕೆಲವರಿಗೆ ಮುಂಚೆ ತಿಳಿಸದೆ ಬಿಲ್ಲಿಗೆ ಸೇರಿಸಿಬಿಟ್ಟೆವು. ಅದು ತಪ್ಪು, ಕ್ಷಮಿಸಿ.

ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: "ಕೂರಿಸೋಕೆ ಅರ್ಧ ದಿನ ಸಾಕಾಗಿತ್ತು, ಕೀಳೋಕೆ ಎರಡು ದಿನಾನಾ? ಗೋಡೆನೂ ಹಾಳು ಮಾಡಿದ್ರಲ್ಲ?"

ಈ ಮಾತು ನಮಗೆ ನೋವು ಕೊಟ್ಟಿದೆ. ಮೊದಲು ನಾವು ಕಲ್ಲನ್ನು ಉದ್ದಕ್ಕೂ ತಟ್ಟಿ ನೋಡುತ್ತೇವೆ. ಟೊಳ್ಳು ಸದ್ದು ಬಂದರೆ ಹಿಂದೆ ಅಲ್ಲಲ್ಲಿ ಮಾತ್ರ ಸಿಮೆಂಟ್ ಹಿಡಿದಿದೆ ಎಂದರ್ಥ, ಬೇಗ ಬರುತ್ತದೆ. ಗಟ್ಟಿ ಸದ್ದು ಬಂದರೆ ಪೂರ್ತಿ ಗಾರೆ ತುಂಬಿದ್ದಾರೆ. ಆಗ ಎಷ್ಟೇ ಮೆತ್ತಗೆ ಉಳಿ ಆಡಿಸಿದರೂ ಕಲ್ಲಿನ ಬೆನ್ನಿಗೆ ಅಂಟಿಕೊಂಡು ಪ್ಲಾಸ್ಟರ್ ಬರುತ್ತದೆ, ಇಟ್ಟಿಗೆ ಕಾಣುತ್ತದೆ. ಅದು ನಮ್ಮ ಹುಡುಗರ ಅವಸರದಿಂದ ಆದದ್ದಲ್ಲ. ಹಳೇ ಮನೆಗಳಲ್ಲಿ ಕಡಪ ಕಲ್ಲು ಹಾಕಿದ್ದರಂತೂ ಅದು ಪದರ ಪದರವಾಗಿ ಸೀಳುತ್ತದೆ, ಇಡಿಯಾಗಿ ಸಿಗುವುದೇ ಅಪರೂಪ. "ಅದೇ ಕಲ್ಲನ್ನ ವಾಶ್ ಏರಿಯಾಗೆ ಹಾಕ್ಕೊಡಿ" ಎಂದವರಿಗೆ ನಾವು ಮಾತು ಕೊಡದಿದ್ದದ್ದು ಇದಕ್ಕೇ.

ತೂಕವನ್ನೂ ನೋಡಿ. 18 ಮಿ.ಮೀ. ದಪ್ಪದ ಗ್ರಾನೈಟ್ ಒಂದು ಚದರಡಿಗೆ ಸುಮಾರು ನಾಲ್ಕೂವರೆ ಕಿಲೋ. 10 ಅಡಿ ಉದ್ದ, 2 ಅಡಿ ಎತ್ತರ ಎಂದರೆ 90 ಕಿಲೋ ಕಲ್ಲು ನೀವು ಉಳಿಸಿಕೊಳ್ಳಬೇಕೆಂದಿರುವ ಕಟ್ಟೆಯ ಮೇಲೆಯೇ ನಿಂತಿರುತ್ತದೆ. ಸಿಂಕ್ ಹಿಂದೆ ಕಟ್ಟೆಯಲ್ಲಿ ಉಳಿದಿರುವುದು ನಾಲ್ಕು ಬೆರಳಗಲದ ಪಟ್ಟಿ. ಉಳಿಯ ಒತ್ತು ಅದರ ಮೇಲೆ ಬಿದ್ದರೆ ಅಲ್ಲೇ ಬಿರುಕು. ಅದಕ್ಕೇ ಕಟ್ಟೆಗೂ ಗೋಡೆಕಲ್ಲಿಗೂ ನಡುವಿನ ವೈಟ್ ಸಿಮೆಂಟನ್ನೋ ಸಿಲಿಕೋನನ್ನೋ ಮೊದಲು ಪೂರ್ತಿ ಕೊಯ್ದು ಬೇರ್ಪಡಿಸುತ್ತೇವೆ. ಆಮೇಲೆ ಮೇಲಿನಿಂದ ಮರದ ಬೆಣೆ ಹೊಡೆಯುತ್ತಾ ಬರುತ್ತೇವೆ. ಮಿಕ್ಸಿ ಪಾಯಿಂಟಿನ ವೈರು, ನಲ್ಲಿಯ ಪೈಪು ಗೋಡೆಯೊಳಗೆ ಎಲ್ಲಿ ಹೋಗಿದೆ ಎಂದು ಯಾರಿಗೂ ನೆನಪಿರುವುದಿಲ್ಲ. ಹೀಗಿರುವಾಗ ಗ್ರೈಂಡರ್ ಹಿಡಿದು ಒಂದೇ ಸಮ ಕೊಯ್ಯಲು ನಮಗೆ ಧೈರ್ಯ ಬರುವುದಿಲ್ಲ.

ಧೂಳಿನ ಮಾತನ್ನು ಇಷ್ಟು ದಿನ ನಿಮ್ಮ ಮುಂದೆ ಎತ್ತಿರಲಿಲ್ಲ. ಗ್ರಾನೈಟಿನಲ್ಲಿ ಸಿಲಿಕಾ ಇದೆ. ಆ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ವಾಸಿಯಾಗುವ ಕಾಯಿಲೆಯಲ್ಲ. ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಅಡಗುತ್ತದೆ, ಆದರೆ ಕರೆಂಟ್ ಪಾಯಿಂಟ್ ಪಕ್ಕದಲ್ಲಿ ನೀರು ಬಿಡುವಂತಿಲ್ಲ. ಈಗ ಒಳ್ಳೆಯ ಮಾಸ್ಕ್, ಧೂಳು ಎಳೆಯುವ ಮಷಿನ್ ಎರಡನ್ನೂ ತಂದಿದ್ದೇವೆ. ನಿಮ್ಮಲ್ಲಿ ಎಷ್ಟೋ ಜನರ ಮನೆ ಕಟ್ಟೆ ಕೂರಿಸಿದ ನಮ್ಮ ದೊಡ್ಡ ಮೇಸ್ತ್ರಿ ಈಗ ಒಂದು ಮಹಡಿ ಹತ್ತಿದರೆ ಕೂತುಬಿಡುತ್ತಾರೆ. ಈ ಖರ್ಚಿಗೆ ದುಬಾರಿ ಅಂಗಡಿ ಅನ್ನಿಸಿಕೊಂಡರೂ ಸರಿ, ಹುಡುಗರಿಗೆ ಹಾಗಾಗಲು ನಾವು ಬಿಡುವುದಿಲ್ಲ. ಒಡೆದ ಕಲ್ಲು, ಗಾರೆಯನ್ನು ಕಟ್ಟಡ ತ್ಯಾಜ್ಯದ 2016ರ ನಿಯಮ ಬಂದಾಗಿನಿಂದ ಮನೆ ಕಸದ ಜೊತೆ ಕೊಡುವಂತಿಲ್ಲ, ಅದರ ಆಟೋ ಬಾಡಿಗೆಯೂ ಇದರಲ್ಲೇ ಬಂತು.

ಒಂದು ಮಾತ್ರ ಮೊದಲಿನಂತೆಯೇ. ನಾವೇ ಕೂರಿಸಿದ ಕಟ್ಟೆ ನಮ್ಮ ಕೈಯಲ್ಲಿ ಬಿರುಕು ಬಿಟ್ಟರೆ ಬದಲಿ ಕಲ್ಲು ನಮ್ಮ ಖರ್ಚು. ಬೇರೆಯವರು ಕೂರಿಸಿದ್ದರೆ, ಮೊದಲೇ ಇದ್ದ ಬಿರುಕನ್ನು ನಿಮ್ಮೆದುರೇ ಟಾರ್ಚ್ ಹಾಕಿ ತೋರಿಸಿ ಚೀಟಿಯಲ್ಲಿ ಬರೆಯುತ್ತೇವೆ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರವೇ. ಹೋದ ತಿಂಗಳು ಹೇಳದೆ ಬಿಲ್ ಹಾಕಿಸಿಕೊಂಡವರು ಆ ಬಿಲ್ ತನ್ನಿ, ಹೆಚ್ಚಾದ ದುಡ್ಡು ವಾಪಸ್ ಕೊಡುತ್ತೇವೆ. ನಾವು ಬರುವ ಹಿಂದಿನ ರಾತ್ರಿ ಕಟ್ಟೆ ಖಾಲಿ ಮಾಡಿ, ಗ್ಯಾಸ್ ಸಿಲಿಂಡರ್ ಆಚೆ ಇಟ್ಟಿರಿ. ಟಾರ್ಪಾಲು ನಾವೇ ತರುತ್ತೇವೆ.

ಇಂತಿ,
ನಿಮ್ಮ ಗ್ರಾನೈಟ್ ಅಂಗಡಿಯವರು