ಹೆಸರು ಹಾಕದ ಪುಟಗಳ ಕುರಿತು ಒಂದು ಪತ್ರ

ಮಂಗಳೂರು

ಪ್ರೀತಿಯ ತಂಗಿ,

ಉಡುಪಿಯಿಂದ ನೀನು ಬರೆದ ಕಾಗದ ತಲುಪಿತು. ಕತೆ ಬರೆಯಬೇಕೆಂದು ಹೊರಟವಳ ತಲೆಗೆ ಚರ್ಚ್‌ನವರು ಮರಣದ ಪ್ರಕಟಣೆ, ಭಾನುವಾರದ ಪ್ರಾರ್ಥನೆ, ಜುಬಿಲಿ ಸ್ಮರಣ ಸಂಚಿಕೆಯ ಪ್ರೂಫು ಎಲ್ಲವನ್ನೂ ಕಟ್ಟಿದ್ದಾರೆ. ಯಾವುದಕ್ಕೂ ಹೆಸರಿಲ್ಲ, ಸಂಭಾವನೆಯ ಮಾತೇ ಇಲ್ಲ. ಇದು ದೇವರ ಕರೆಯೋ ಬಿಟ್ಟಿ ಚಾಕರಿಯೋ ಎಂದು ಕೇಳಿದ್ದೀ. ಎರಡೂ ಇರಬಹುದು. ನೀನು ಅಜಾಗರೂಕಳಾದರೆ ಆ ಪುಟದಿಂದ ಯಾರಿಗಾದರೂ ನೋವಾಗುತ್ತದೆಯೇ, ಅದನ್ನು ನೋಡು. ಆಗುತ್ತದೆ ಎಂದಾದರೆ ಅದಕ್ಕೆ ಕತೆಗಿಂತ ಹೆಚ್ಚಿನ ಎಚ್ಚರ ಸಲ್ಲಬೇಕು.

ಮರಣದ ಪ್ರಕಟಣೆಯನ್ನೇ ತಗೋ. ನೂರು ಪದ ಮೀರುವುದಿಲ್ಲ, ಆದರೆ ಮನೆಯವರು ಅದನ್ನು ಕತ್ತರಿಸಿ ಬೈಬಲಿನೊಳಗೆ ಇಟ್ಟುಕೊಳ್ಳುತ್ತಾರೆ. 'ದಿ. ಪಾಸ್ಕಲ್ ಮತ್ತು ಸೆವ್ರಿನ್ ದಂಪತಿಯ ಪುತ್ರ' ಎಂದು ಬರೆದರೆ ಸೆವ್ರಿನ್‌ಬಾಯಿ ಬದುಕಿದ್ದಾರೋ ಇಲ್ಲವೋ? ವಾಕ್ಯದಲ್ಲಿ ತಿಳಿಯುವುದಿಲ್ಲ. ಅವರು ಜಗಲಿಯಲ್ಲಿ ಕೂತು ಅದೇ ಸಾಲು ಓದುತ್ತಿರಬಹುದು. ಬದುಕಿರುವವರನ್ನು ಮೊದಲಿಡು: 'ಸೆವ್ರಿನ್ ಮತ್ತು ದಿ. ಪಾಸ್ಕಲ್ ಅವರ ಪುತ್ರ'. ಇಬ್ಬರೂ ಇಲ್ಲವಾದರೆ 'ದಿ.' ಎರಡು ಸಲ ಬರಲಿ, ಜಾಗ ಉಳಿಸಬೇಡ. 'ಅಳಿಯ' ಎಂಬ ಪದವೂ ನಮ್ಮ ಜಿಲ್ಲೆಯಲ್ಲಿ ಕೈಕೊಡುತ್ತದೆ. ಮಗಳ ಗಂಡನೂ ಅಳಿಯ, ಅಕ್ಕನ ಮಗನೂ ಅಳಿಯ. ಸಂಶಯವಿದ್ದರೆ 'ಮಗಳು ಇಂಥವಳು, ಆಕೆಯ ಪತಿ ಇಂಥವರು' ಎಂದು ಬಿಡಿಸಿ ಬರೆ. 'ದೈವಾಧೀನರಾದರು' ಬೇಡ. ತುಳುನಾಡಿನಲ್ಲಿ ದೈವ ಎಂದ ಕೂಡಲೇ ಕಣ್ಣಮುಂದೆ ಬರುವುದು ಭೂತಕೋಲದ ದೈವ. 'ನಿಧನರಾದರು' ಸಾಕು, ಅದಕ್ಕೆ ಯಾವ ಅಲಂಕಾರವೂ ಬೇಕಿಲ್ಲ.

ಹೆಸರಿನ ಕಾಗುಣಿತವನ್ನು ನೀನು ತೀರ್ಮಾನಿಸಬೇಡ. ಡಿಸೋಜ, ಡಿಸೋಜಾ, ಡಿ’ಸೋಜ ಮೂರೂ ನಡೆಯುತ್ತವೆ. ಆ ಮನೆಯಲ್ಲಿ ಯಾವುದು ನಡೆಯುತ್ತದೆ ಎಂಬುದೇ ಮುಖ್ಯ. ಫೋನಿನಲ್ಲಿ ಕೇಳಿ ಬರೆದುಕೊಂಡರೆ ಅಕ್ಷರ ಅಕ್ಷರ ಬಿಡಿಸಿ ಹೇಳಿ ಒಪ್ಪಿಗೆ ತಗೋ. ಅಂತ್ಯಕ್ರಿಯೆಯ ಹೊತ್ತುಗಳು ಎರಡಿರುತ್ತವೆ, ಮನೆಯಿಂದ ಹೊರಡುವುದು ಮತ್ತು ಚರ್ಚ್‌ನಲ್ಲಿ ಪೂಜೆ ಆರಂಭವಾಗುವುದು. ಒಂದನ್ನೇ ಕೊಟ್ಟರೆ ಕುಂದಾಪುರದಿಂದ ಬಸ್ಸು ಹತ್ತಿದವರು ಖಾಲಿ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಇನ್ನು ಭಾನುವಾರ ಎಲ್ಲರ ಪರವಾಗಿ ಓದುವ ವಿಶ್ವಾಸಿಗಳ ಪ್ರಾರ್ಥನೆ. ಕೆಥೋಲಿಕ್ ಪೂಜೆಯಲ್ಲಿ ಅದಕ್ಕೊಂದು ಕ್ರಮವಿದೆ: ಮೊದಲು ಧರ್ಮಸಭೆಯ ಅಗತ್ಯಗಳು, ನಂತರ ನಾಡನ್ನಾಳುವವರು ಮತ್ತು ಲೋಕದ ರಕ್ಷಣೆ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ನಮ್ಮ ಊರಿನ ಸಮುದಾಯ. ಕ್ರಮ ಗೊತ್ತಿದ್ದರೂ ಎಡವುವುದು ವಾಕ್ಯದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಕಡಲಿಗಿಳಿದು ಬಿರುಗಾಳಿಗೆ ಸಿಕ್ಕಿ ದೋಣಿ ಕಳಕೊಂಡು ಸಾಲದಲ್ಲಿ ಬಿದ್ದಿರುವ ಮಲ್ಪೆಯ ಮೀನುಗಾರರ ಕುಟುಂಬಗಳ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಪ್ರಾರ್ಥಿಸೋಣ' ಎಂದರೆ ಓದುವ ಹುಡುಗನಿಗೆ 'ಮೀನುಗಾರರ' ಎನ್ನುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಕೇಳುವವರಿಗೆ ಯಾರಿಗಾಗಿ ಬೇಡುತ್ತಿದ್ದೇವೆಂದೇ ತಿಳಿಯದು. ಒಡೆದು ಬರೆ: 'ಮಲ್ಪೆಯ ಮೀನುಗಾರರಿಗಾಗಿ ಪ್ರಾರ್ಥಿಸೋಣ. ದೋಣಿ ಕಳಕೊಂಡವರ ಸಾಲದ ಹೊರೆ ಇಳಿಯಲಿ, ಅವರ ಮಕ್ಕಳ ಓದು ನಿಲ್ಲದಿರಲಿ.' ಒಂದು ವಾಕ್ಯಕ್ಕೆ ಒಂದು ಉಸಿರು, ಹನ್ನೆರಡು ಪದದೊಳಗೆ. ಬರೆದದ್ದನ್ನು ನಿಂತು ಗಟ್ಟಿಯಾಗಿ ಓದು, ಕೂತು ಓದಿದರೆ ತಪ್ಪು ಸಿಗುವುದಿಲ್ಲ. ದೇವರಿಗೆ ವರದಿ ಒಪ್ಪಿಸುವ ಪ್ರಾರ್ಥನೆಗಳನ್ನೂ, ಪ್ರಾರ್ಥನೆಯ ನೆವದಲ್ಲಿ ನೆರೆಮನೆಯವರಿಗೆ ಬುದ್ಧಿ ಹೇಳುವವುಗಳನ್ನೂ ಹರಿದು ಹಾಕು.

ಕೆಥೋಲಿಕರೂ ಪ್ರೊಟೆಸ್ಟೆಂಟ್ ಪಂಗಡವಾದ ಸಿಎಸ್‌ಐನವರೂ ಒಟ್ಟಾಗಿ ಓದುವ ಹಾಳೆಯಾದರೆ ಪದಗಳ ಮೇಲೆ ಕಣ್ಣಿರಲಿ. ಕೆಥೋಲಿಕರದು ಶುಭಸಂದೇಶ, ಯೊವಾನ್ನ, ಸರ್ವೇಶ್ವರ. ಸಿಎಸ್‌ಐನವರದು ಸುವಾರ್ತೆ, ಯೋಹಾನ, ಯೆಹೋವ. ಒಂದೇ ಪುಟದಲ್ಲಿ ಬೆರೆಸಿದರೆ ಇಬ್ಬರಿಗೂ ಪರಕೀಯ. ಮೊದಲೇ ಒಂದನ್ನು ಆರಿಸಿ ಪಟ್ಟಿ ಮಾಡಿಕೊ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ಪದ ಬದಲಿಸುವ ಹುಚ್ಚಿಗೆ ಹೋಗಬೇಡ. 'ಪ್ರಭು' ಇದ್ದಲ್ಲೆಲ್ಲ 'ಕರ್ತ' ಮಾಡಲು ಹೋದರೆ, ಪ್ರಭು ಎಂಬ ಅಡ್ಡಹೆಸರಿನ ಹಳೆಯ ಮನೆತನದವರು ರಾತ್ರಿ ಬೆಳಗಾಗುವುದರೊಳಗೆ ಕರ್ತರಾಗಿರುತ್ತಾರೆ.

ಸ್ಮರಣ ಸಂಚಿಕೆಯೇ ದೊಡ್ಡ ಹೊರೆ. ಸೆಂಟರ್ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು: 48, 52, 56. ಕೊನೆಗೆ ಬರುವ ಜಾಹೀರಾತಿಗೆ ಎರಡು ಪುಟ ಮೊದಲೇ ಬಿಟ್ಟಿಡು, ಇಲ್ಲದಿದ್ದರೆ ಯಾರದೋ ಅಜ್ಜಿಯ ಶ್ರದ್ಧಾಂಜಲಿ ಹೊರಬೀಳುತ್ತದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬಂದ ಲೇಖನವನ್ನು ಯುನಿಕೋಡಿಗೆ ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ದೀರ್ಘ ಮೂರನ್ನೂ ಬೇರೆಯಾಗಿ ನೋಡು. 'ಚರ್ಚ್‌ನಲ್ಲಿ' ಎಂಬುದು 'ಚರ್ಚ್ನಲ್ಲಿ' ಆಗಿದ್ದರೆ ನಡುವಿನ ಕಾಣದ ಬಿಡಿಸುವ ಗುರುತು ಬಿದ್ದುಹೋಗಿದೆ ಎಂದರ್ಥ. ಅಂಥದ್ದು ಒಂದು ಸಿಕ್ಕರೆ ಇನ್ನೂ ನಲವತ್ತು ಇರುತ್ತವೆ.

ಪ್ರೂಫನ್ನು ಮೂರು ಸಲ ನೋಡು, ಮೂರೂ ಬೇರೆ ಬೇರೆ ಕೆಲಸಕ್ಕೆ. ಮೊದಲ ಸಲ ಇನ್ನೊಬ್ಬರು ಮೂಲ ಓದಲಿ, ನೀನು ಅಚ್ಚು ನೋಡು. ಎರಡನೆಯ ಸಲ ಹೆಸರು ಮತ್ತು ಅಂಕಿ ಮಾತ್ರ. ಮೂರನೆಯ ಸಲ ಶೀರ್ಷಿಕೆ, ಪುಟಸಂಖ್ಯೆ, ಫೋಟೋ ಅಡಿಬರಹ. ದೊಡ್ಡಕ್ಷರದ ತಪ್ಪು ಯಾರ ಕಣ್ಣಿಗೂ ಬೀಳದೆ ಅಚ್ಚಾಗುತ್ತದೆ, ಯಾಕೆಂದರೆ ಶೀರ್ಷಿಕೆಯನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ ಅಷ್ಟೆ. ಅಡಿಬರಹದಲ್ಲಿ ಮೊದಲು ತಲೆ ಎಣಿಸು, ಆಮೇಲೆ ಹೆಸರು ಎಣಿಸು. ವಿನ್ಯಾಸಗಾರ ಫೋಟೋವನ್ನು ಎಡಬಲ ಮಗುಚಿದ್ದಾನೋ ಎಂದು ತಿಳಿಯಲು ಗಂಡಸರ ಶರ್ಟಿನ ಕಿಸೆ, ಹೆಂಗಸರ ಸೆರಗು ನೋಡು. ಎರಡೂ ಅವರ ಎಡಗಡೆಯಲ್ಲಿರಬೇಕು. ಬಲಕ್ಕೆ ಹೋಗಿದ್ದರೆ 'ಎಡದಿಂದ ಬಲಕ್ಕೆ' ಎಂಬ ಪೂರ್ತಿ ಸಾಲು ಸುಳ್ಳು.

ಚರ್ಚಿನ ಇತಿಹಾಸ ಬರೆಯುವಾಗ ಹಳೆಯ ಸಂಚಿಕೆಯಿಂದ ಎತ್ತುವ ಚಟ ಎಲ್ಲರಿಗೂ ಇದೆ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ನಮ್ಮ ಕರಾವಳಿಯ ಕೆಥೋಲಿಕರ ಲೆಕ್ಕ ಒಬ್ಬೊಬ್ಬರ ಬರಹದಲ್ಲಿ ಒಂದೊಂದು. ದೊಡ್ಡ ಸಂಖ್ಯೆ ಆರಿಸಿದರೆ ಭಕ್ತಿ ಹೆಚ್ಚಾಗುವುದಿಲ್ಲ. ಯಾರ ಲೆಕ್ಕವೆಂದು ಸಾಲಿನೊಳಗೇ ಹೇಳು. ಇದಕ್ಕೊಂದು ಮಾದರಿ ಇದೆ. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಹೊರಬಂತು, ಸುಮಾರು 70,000 ಪದ. ಅದನ್ನು ತೆರೆದಾಗ ಪದದ ಪಕ್ಕದ ಪುಟ್ಟ ಗುರುತುಗಳನ್ನು ನೋಡು: ಇದು ಮೈಸೂರಿನ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯದು. ಎಲ್ಲಿಂದ ಬಂತೆಂದು ಹೇಳುವ ಆ ಪ್ರಾಮಾಣಿಕತೆಗೆ ಒಂದೆರಡು ಅಕ್ಷರ ಸಾಕಾಯಿತು.

ಹಾಗೆಂದು ಹೆಸರಿಲ್ಲದಿರುವುದನ್ನೇ ಒಂದು ವ್ರತ ಮಾಡಿಕೊಳ್ಳಬೇಡ. 'ನಾನು ಹೆಸರು ಹಾಕಿಸಿಕೊಳ್ಳುವವಳಲ್ಲ' ಎಂದು ನಾಲ್ಕು ಜನರ ಮುಂದೆ ಹೇಳುವುದೂ ಜಂಭವೇ. ಪೌಲನು ರೋಮ್‌ನವರಿಗೆ ಬರೆದ ಪತ್ರದಲ್ಲಿ 16ನೇ ಅಧ್ಯಾಯದ 22ನೇ ವಚನ ತೆಗೆದು ನೋಡು. ಪೌಲ ಹೇಳಿದ್ದನ್ನು ಬರೆದುಕೊಂಡ ತೆರ್ತ್ಯ ಅಲ್ಲಿ ಒಂದು ಸಾಲಿನಲ್ಲಿ ತನ್ನ ವಂದನೆ ಸೇರಿಸಿ ಮತ್ತೆ ಮರೆಯಾಗುತ್ತಾನೆ. ಅಷ್ಟು ಜಾಗ ಕೇಳುವುದರಲ್ಲಿ ತಪ್ಪಿಲ್ಲ. ಕೆಲಸಕ್ಕೆ ಖರ್ಚಾದ ಬಸ್ಸಿನ ದುಡ್ಡು, ಜೆರಾಕ್ಸಿನ ದುಡ್ಡು ಕೇಳುವುದರಲ್ಲೂ ತಪ್ಪಿಲ್ಲ, ಕೇಳು. ಕತೆಗೆಂದು ವಾರದಲ್ಲಿ ಎರಡು ಬೆಳಿಗ್ಗೆ ಕಾದಿರಿಸಿ, ಆ ಹೊತ್ತಿಗೆ ಪಾದ್ರಿಗಳು ಕರೆದರೂ ಫೋನ್ ಎತ್ತಬೇಡ.

ನೀನು ಕಳಿಸಿದ ಪ್ರೂಫಿನಲ್ಲಿ 14ನೇ ಪುಟದ ಫೋಟೋ ನೋಡಿದೆ. ತಲೆ 23, ಹೆಸರು 22. ಹಿಂದಿನ ಸಾಲಿನಲ್ಲಿ ಬಲದಿಂದ ಎರಡನೆಯವರು, ಕೊಡೆ ಹಿಡಿದ ಹೆಂಗಸು, ಬಿಟ್ಟುಹೋಗಿದ್ದಾರೆ. ಚರ್ಚಿನ ಆ ವಾಳೆಯ (ವಾರ್ಡಿನ) ಮುಖಂಡರಾದ ಗುರಿಕಾರರಿಗೆ ಗೊತ್ತಿರಬಹುದು. ಅವರಿಗೆ ಗೊತ್ತಿಲ್ಲದಿದ್ದರೆ ಗಂಟೆ ಬಾರಿಸುವವರನ್ನು ಕೇಳು. ಸೋಮವಾರದೊಳಗೆ ತಿಳಿಸಿದರೆ ಪ್ರೆಸ್ಸಿನವರು ತಿದ್ದುತ್ತಾರೆ.

ನಿನ್ನ,
ಅಣ್ಣ