ಮುಂದಿನ ಪಾಟಾ ಒಮ್ಮೆ ಎಣಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಮಳೆ ನಿಂತಾಗಿನಿಂದ ನಿಮ್ಮ ಓದುಗರ ಅಂಕಣದಲ್ಲಿ ಗುಂಡಿ ರಸ್ತೆಗಳ ಮೇಲೆ ಸಾಲು ಸಾಲು ಪತ್ರ ಬರುತ್ತಿವೆ. ಬರಲಿ. ಎರೆಮಣ್ಣಿನ ಮೇಲೆ ಹಾಕಿದ ನಮ್ಮ ಕಡೆಯ ರಸ್ತೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಅಲೆ ಅಲೆಯಾಗಿ ಏಳುತ್ತದೆ. ನಾನೂ ಬೇಕಾದಷ್ಟು ಬೈದಿದ್ದೇನೆ. ಆದರೆ ಹೋದ ತಿಂಗಳು ನನ್ನ ಪಿಕಪ್ ಗಾಡಿಯ ಮುಂದಿನ ಪಾಟಾ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಬಿಚ್ಚಿಸಿದ ಮೇಲೆ, ಆ ಬೈಗುಳದಲ್ಲಿ ಅರ್ಧ ನನಗೇ ಸೇರಬೇಕಿತ್ತು ಅನ್ನಿಸಿತು. ಅದಕ್ಕೇ ಈ ಪತ್ರ.

ನಾನು ತಿಕೋಟಾ ಕಡೆಯ ತೋಟಗಳಿಂದ ಒಣದ್ರಾಕ್ಷಿ ಹೇರಿಕೊಂಡು ಮಹಾರಾಷ್ಟ್ರದ ತಾಸಗಾಂವ್ ಪೇಟೆಗೆ ಹೋಗುತ್ತೇನೆ. 15 ಕಿಲೋದ ಬಾಕ್ಸ್‌ಗಳು. ಹೋಗುವಾಗ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಖಾಲಿ ಗಾಡಿ ತಿರುಗಿ ತರುವಾಗ ನೋಡಬೇಕಿತ್ತು. ಡಾಂಬರಿನ ಸಣ್ಣ ತೇಪೆ ಹತ್ತಿದರೂ ಸ್ಟೇರಿಂಗ್ ಕೈಗೆ ಹೊಡೆಯುತ್ತಿತ್ತು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಮನೆಗೆ ಬಂದರೆ ಸೊಂಟ ನೆಟ್ಟಗಾಗಲು ಅರ್ಧ ತಾಸು ಬೇಕು.

ಮೊದಲು ಒಂದು ಗ್ಯಾರೇಜಿನವರು ಹೇಳಿದಂತೆ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ. 3,800 ರೂಪಾಯಿ ಹೋಯಿತು, ಕುಲುಕಾಟ ಹೋಗಲಿಲ್ಲ. ಆಮೇಲೆ ಸೀಟಿಗೆ ದಪ್ಪ ಸ್ಪಂಜು. ಅದರಿಂದ ತಲೆ ಎರಡು ಇಂಚು ಮೇಲೆ ಹೋಗಿ ಛಾವಣಿಗೆ ತಾಗತೊಡಗಿತು, ಅಷ್ಟೇ ಲಾಭ.

ಕೊನೆಗೆ ವಿಜಯಪುರದಲ್ಲಿ ಪಾಟಾ ಕೆಲಸ ಮಾಡುವ ಒಬ್ಬ ಚಾಚಾ ಹತ್ತಿರ ಹೋದೆ. ಅವರು ಪಾನಾ ಕೈಗೆ ತೆಗೆದುಕೊಳ್ಳಲೇ ಇಲ್ಲ. ಮುಂದಿನ ಬಂಪರ್ ಮೇಲೆ ಕಾಲಿಟ್ಟು, ಇಡೀ ಮೈಭಾರ ಬಿಟ್ಟು ಒತ್ತಿದರು. ಗಾಡಿ ಮಿಸುಕಲಿಲ್ಲ. ‘ಶಾಕಪ್ ಏನ್ ಮಾಡ್ತೈತ್ರೀ ಅಣ್ಣಾರ, ಪಾಟಾನ ಅಲುಗಾಡವಲ್ದು’ ಅಂದರು. ಎಷ್ಟು ಸರಳ ಮಾತು ನೋಡಿ. ಶಾಕ್ ಅಬ್ಸಾರ್ಬರ್ ಇರುವುದು ಪಾಟಾ ಕುಣಿದಾಗ ಅದನ್ನು ಹಿಡಿದು ನಿಲ್ಲಿಸುವುದಕ್ಕೆ. ಪಾಟಾನೇ ಬಿಗಿದು ಕೂತರೆ ಅದಕ್ಕೆ ಕೆಲಸವೇ ಇಲ್ಲ. ರಸ್ತೆಯ ಏಟು ಟೈರಿನಿಂದ ಸೀದಾ ಚಾಸಿಗೆ (ಗಾಡಿಯ ಕೆಳಗಿನ ಚೌಕಟ್ಟಿಗೆ), ಚಾಸಿಯಿಂದ ನಮ್ಮ ಬೆನ್ನಿಗೆ.

ಆಮೇಲೆ ಗಾಡಿಯ ಕೆಳಗೆ ಬಗ್ಗಿ ಒಂದು ರಬ್ಬರ್ ತೋರಿಸಿದರು. ಪಾಟಾ ಪೂರ್ತಿ ಕೆಳಕ್ಕೆ ಒತ್ತಿದಾಗ ಎಕ್ಸೆಲ್ ಬಂದು ತಾಗುವ ದಪ್ಪ ರಬ್ಬರ್ ಅದು. ನನ್ನ ಗಾಡಿಯಲ್ಲಿ ಅದರ ತುದಿಯ ಮೇಲೆ ಕೆಂಪು ಧೂಳು ಹಾಗೇ ಹೆಪ್ಪುಗಟ್ಟಿ ಕೂತಿತ್ತು. ಅಂದರೆ ಎಂಥ ಗುಂಡಿಗೆ ಬಿದ್ದರೂ ಎಕ್ಸೆಲ್ ಅಲ್ಲಿಯವರೆಗೆ ಒಮ್ಮೆಯೂ ಬಂದಿಲ್ಲ. ಅದೇ ರಬ್ಬರ್ ಚಪ್ಪಟೆಯಾಗಿದ್ದರೆ, ಒಡೆದಿದ್ದರೆ ರೋಗ ಬೇರೆ: ಪಾಟಾ ಜೋತುಬಿದ್ದಿದೆ ಅಂತ ಅರ್ಥ, ಆಗ ಬಾಗು ಹಾಕಿಸಬೇಕು ಇಲ್ಲವೇ ಹೊಸ ಸೆಟ್ ತರಬೇಕು. ನೋಡುವುದಕ್ಕೆ ಒಂದು ಟಾರ್ಚ್ ಸಾಕು, ದುಡ್ಡೇನೂ ಬೇಡ.

ಬಿಚ್ಚಿದಾಗ ಸಿಕ್ಕಿದ್ದು ಇಷ್ಟು. ನಾನು ಈ ಗಾಡಿ ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಎರಡೂ ಕಡೆ ಒಂದೊಂದು ಪಾಟಾ ಜಾಸ್ತಿ ಹಾಕಿಸಿದ್ದರು, ಅದೂ ಮುಂದೆ! ಮಾಲಿನ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಎಕ್ಸೆಲ್ ಮೇಲೆ ಬೀಳುತ್ತದೆ, ಮುಂದೆ ಇರುವುದು ಮುಖ್ಯವಾಗಿ ಇಂಜಿನ್ ಭಾರ. ಅದು ಹೇರಿದರೂ ಅಷ್ಟೇ, ಖಾಲಿ ಇದ್ದರೂ ಹೆಚ್ಚೂಕಮ್ಮಿ ಅಷ್ಟೇ. ಮತ್ತೆ ಯಾತಕ್ಕೆ ಹಾಕಿಸಿದರೋ! ಪಾಟಾಗಳ ನಡುವೆ ತುಕ್ಕು ಹಿಡಿದು, ಸುತ್ತಿಗೆಯಿಂದ ಬಡಿದರೆ ಕುಂಕುಮದ ಹಾಗೆ ಉದುರಿತು. ಒಂದರ ಮೇಲೊಂದು ಜಾರಬೇಕಾದ ಪಟ್ಟಿಗಳು ಒಂದೇ ದಿಮ್ಮಿಯಾಗಿದ್ದವು. ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್ ಪಿನ್‌ನಲ್ಲಿ ಗ್ರೀಸ್ ತುಂಬುವ ಸಣ್ಣ ಮೂತಿ, ಅಂದರೆ ಗ್ರೀಸ್ ನಿಪ್ಪಲ್, ಎರೆಮಣ್ಣಿನಿಂದ ಮುಚ್ಚಿಹೋಗಿತ್ತು. ಗ್ರೀಸ್ ಹೊಡೆಸಿದ್ದೇನೆ ಅಂತ ನಾನು ಅಂದುಕೊಂಡಿದ್ದೆ. ಹೊಡೆದ ಗ್ರೀಸೆಲ್ಲ ಹೊರಗೇ ಅಂಟಿತ್ತು, ಒಳಗೆ ಒಂದು ಹನಿ ಇರಲಿಲ್ಲ.

ಹೆಚ್ಚುವರಿ ಪಾಟಾ ತೆಗೆದು, ಉಳಿದವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ, ಹೊಸ ಪಿನ್, ಪಿನ್ ಕೂರುವ ಬುಶ್ ಹಾಕಿದರು. ಎಲ್ಲ ಸೇರಿ 2,600 ರೂಪಾಯಿ. 500 ಕಿಲೋಮೀಟರ್ ಓಡಿಸಿದ ಮೇಲೆ ಪಾಟಾವನ್ನು ಎಕ್ಸೆಲ್‌ಗೆ ಬಿಗಿಯುವ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಲೇಬೇಕು ಅಂತ ಚಾಚಾ ಮೂರು ಸಲ ಹೇಳಿ ಕಳಿಸಿದರು. ಹೋಗಿ ಮಾಡಿಸಿದೆ. ಒಂದೊಂದು ಬೋಲ್ಟ್ ಕಾಲು ಸುತ್ತು ತಿರುಗಿತು.

ಇನ್ನು ಗಾಳಿಯ ಮಾತು. ಇದು ಜಿಲ್ಲೆಯ ಎಲ್ಲ ಚಾಲಕರಿಗೂ ಸೇರಿದ್ದು. ಬಂಕ್‌ನಲ್ಲಿ ಗಾಳಿ ಹಾಕುವ ಹುಡುಗ ಪಿಕಪ್ ಕಂಡ ಕೂಡಲೇ ನಾಲ್ಕೂ ಚಕ್ರಕ್ಕೆ ಒಂದೇ ಲೆಕ್ಕದಲ್ಲಿ ಹೊಡೆಯುತ್ತಾನೆ. ಗಾಡಿ ಪುಸ್ತಕದಲ್ಲಿ ಮುಂದಿನ ಚಕ್ರಕ್ಕೆ ಬೇರೆ, ಹಿಂದಿನದಕ್ಕೆ ಬೇರೆ ಬರೆದಿರುತ್ತದೆ. ನಾನೊಂದು ಸಣ್ಣ ಮೀಟರ್ ಕೊಂಡು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿದೆ. ಮುಂದೆ ಪುಸ್ತಕಕ್ಕಿಂತ 20 ಪಾಯಿಂಟ್ (ಪಿಎಸ್‌ಐ) ಜಾಸ್ತಿ! ಕಲ್ಲಿನ ಚಕ್ರ ಕಟ್ಟಿಕೊಂಡು ಓಡಾಡಿದ ಹಾಗಾಯಿತು. ಬಂಕ್‌ನಲ್ಲಿ ಗಾಳಿ ಪುಕ್ಕಟೆ ಕೊಡಬೇಕು ಅನ್ನುವುದು ನಿಯಮ, ಕೊಡುತ್ತಾರೆ ಕೂಡ. ಆದರೆ ಮೀಟರ್ ಸರಿ ಇದೆಯಾ ಅಂತ ಯಾರು ನೋಡುತ್ತಾರೆ? ಪೆಟ್ರೋಲ್ ಅಳತೆ ಪರೀಕ್ಷೆಗೆ ಬರುವ ಅಧಿಕಾರಿಗಳು ಹಾಗೇ ಗಾಳಿ ಮೀಟರ್ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ. ಇದು ನನ್ನ ಮೊದಲ ವಿನಂತಿ.

ಎರಡನೆಯದು ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರದ ತಪಾಸಣೆ, ಮಾಡುವವರಿಗೆ. ಲೈಟ್, ಹಾರ್ನ್, ರಿಫ್ಲೆಕ್ಟರ್ ನೋಡುವ ಹಾಗೆ ಪಾಟಾ ಎಷ್ಟಿವೆ ಅಂತಲೂ ಎಣಿಸಿ. ಹಿಂದೆ ಎರಡು ಪಾಟಾ ಜಾಸ್ತಿ ಹಾಕಿಸಿದರೆ ಒಂದು ಟನ್ ಜಾಸ್ತಿ ಹೇರಬಹುದು ಅನ್ನುವವರು ನಮ್ಮಲ್ಲಿ ತುಂಬಾ ಜನ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಬರೆದ ತೂಕ ಪಾಟಾ ಹಾಕಿಸಿದ್ದಕ್ಕೆ ಏರುವುದಿಲ್ಲ. ಬ್ರೇಕೂ ಅಷ್ಟೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಹಾಗಂತ ರಸ್ತೆಯವರನ್ನು ನಾನು ಬಿಟ್ಟುಕೊಟ್ಟಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಸಾಮಾನ್ಯ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಾಗೆ. ನಮ್ಮೂರ ಹತ್ತಿರದ ಒಂದು ಉಬ್ಬನ್ನು ಟೇಪ್ ಹಿಡಿದು ಅಳೆದೆ. ಅಗಲ ಎರಡು ಅಡಿಯೂ ಇಲ್ಲ, ಎತ್ತರ ಗೇಣಿನ ಹತ್ತಿರ. ಅದು ಉಬ್ಬಲ್ಲ, ಹೊಲದ ಬದು. ಯಾವ ಪಾಟಾ ಹಾಕಿದರೂ ಅಲ್ಲಿ ಸೊಂಟ ಉಳಿಯುವುದಿಲ್ಲ.

ಈಗ ಖಾಲಿ ಗಾಡಿ ತಂದರೂ ಸ್ಟೇರಿಂಗ್ ಕೈಗೆ ಹೊಡೆಯುವುದಿಲ್ಲ. ಸ್ಪಂಜು ತೆಗೆದು ಎಸೆದೆ. ತೆಗೆದ ಎರಡು ಪಾಟಾ ಮಾತ್ರ ಹಿತ್ತಲಲ್ಲಿವೆ. ಗಾಡಿಗೆ ಬೇಕು ಅಂತ ಇಬ್ಬರು ಕೇಳಿದರು, ಕೊಡಲಿಲ್ಲ. ಒಳ್ಳೆ ಉಕ್ಕು ಅದು, ಕಮ್ಮಾರರಿಗೆ ಕೊಟ್ಟು ಕುಡಗೋಲು ಮಾಡಿಸುತ್ತೇನೆ.

— ಒಬ್ಬ ಪಿಕಪ್ ಚಾಲಕ, ತಿಕೋಟಾ, ವಿಜಯಪುರ ಜಿಲ್ಲೆ